ಝೆರಾಕ್ಸಿಗೆ ಬಾರದ ನೀಲಿ

"ಕಾಕಾ ಹೋದ್ರಂತ್ರೀ" ಎಂದು ಫೋನಿನಲ್ಲಿ ಹೇಳಿದವನು ಬಸಣ್ಣ. ನಾನು ದಂಗಾದದ್ದು ಸಾವಿನ ಸುದ್ದಿಗಲ್ಲ. ಕಾಕಾ ಹಾಸಿಗೆ ಹಿಡಿದು ತಿಂಗಳುಗಳೇ ಆಗಿದ್ದವು, ಆ ಸುದ್ದಿ ಇಂದೋ ನಾಳೆಯೋ ಬರುವುದೇ ಇತ್ತು. ಅದನ್ನು ಬಸಣ್ಣನ ಬಾಯಿಂದ ಕೇಳಿದೆನಲ್ಲ, ಅದಕ್ಕೆ. ಕಾಕಾನ ಮಾತು ಎತ್ತಿದರೆ ಕೂತಲ್ಲಿಂದ ಎದ್ದು ಹೋಗುತ್ತಿದ್ದವನು ಅವನು. ತೀರಾ ಹೇಳಲೇಬೇಕಾದರೆ "ಆ ಮನಷ್ಯಾ" ಎನ್ನುತ್ತಿದ್ದ. ಅಂಥವನು ಎಷ್ಟೋ ವರ್ಷಗಳ ಮೇಲೆ "ಕಾಕಾ" ಎಂದ. ನಾನು ಏನಾದರೂ ಕೇಳುವ ಮೊದಲೇ ಫೋನಿಟ್ಟ. ಮಣ್ಣಿಗೆ ಮಾತ್ರ ಬರಲಿಲ್ಲ.

ಕಾಕಾಗೆ ಒಂದು ಚಂದದ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಹೈದರಾಬಾದಿನ ಬಾಲಾನಗರದ ಕಡೆಯವರಿಗೆ ಗುರುತು ಹತ್ತಲಿಕ್ಕಿಲ್ಲ, ಏಕೆಂದರೆ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ನಕ್ಷಿ ಕಾಕಾ ಎಂದೇ. ನಾವೆಲ್ಲ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ಬಾಗಲಕೋಟೆ, ಗದಗ, ರಾಯಚೂರು ಕಡೆಯಿಂದ ಬಂದು ಅಲ್ಲಿನ ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ಸಂಸಾರ ಹೂಡಿದವರು. ಕಾಕಾ ಇದ್ದದ್ದು ಖರೀದಿ ವಿಭಾಗದಲ್ಲಿ. ನಕ್ಷೆಗೂ ಅವರ ನೌಕರಿಗೂ ಯಾವ ಸಂಬಂಧವೂ ಇರಲಿಲ್ಲ. ಕೆಲವರಿಗೆ ಇಸ್ಪೀಟಿನ ಹುಚ್ಚಿರುತ್ತದೆ, ಕೆಲವರಿಗೆ ನಾಟಕದ್ದು. ಇವರಿಗೆ ಸರ್ಕಾರ ಅಚ್ಚು ಹಾಕಿಸಿ ಮಾರುವ ನಕ್ಷೆಗಳ ಹುಚ್ಚು.

ಎತ್ತರದ ಆಳು, ಕಂದು ಸಫಾರಿ, ಕಂಕುಳಲ್ಲಿ ಸದಾ ಒಂದು ಸುರುಳಿ. ಯಾರ ಮನೆಗೆ ಬಂದರೂ ಮೊದಲು ನಿಂತಲ್ಲೇ ಒಂದು ಸುತ್ತು ತಿರುಗಿ ಉತ್ತರ ಯಾವ ಕಡೆ ಎಂದು ನೋಡಿಕೊಂಡು ಆಮೇಲೆ ಕೂಡುತ್ತಿದ್ದರು. ನನ್ನ ಹೆಂಡತಿ ಸುವರ್ಣಾ ಚಹ ತಂದರೆ, "ತಂಗೀ, ನಿಮ್ಮ ಒಲಿ ವಾಯವ್ಯಕ್ಕ ಐತಿ ನೋಡು" ಎಂದು ಹೇಳಿಬಿಡುವರು. ಅವಳು ಅದನ್ನು ವಾಸ್ತುವಿನ ಮಾತೆಂದು ಹೆದರಿ ಒಲೆಯನ್ನು ಎರಡು ಸಲ ಎತ್ತಿಟ್ಟಳು. ಅವರು ಹೇಳಿದ್ದು ದಿಕ್ಕು ಮಾತ್ರ ಎಂಬುದು ಮೂರನೆಯ ಸಲ ತಿಳಿಯಿತು.

ಗೇಟಿನ ಪ್ರಸಂಗ ಹೇಳದಿದ್ದರೆ ಕಾಕಾ ಏನೆಂದು ತಿಳಿಯುವುದಿಲ್ಲ. ನಮ್ಮದು ರಕ್ಷಣಾ ಇಲಾಖೆಗೆ ಸಾಮಾನು ಮಾಡಿಕೊಡುವ ಕಾರ್ಖಾನೆ, ಊಟದ ಡಬ್ಬಿಯನ್ನೂ ತೆಗೆಸಿ ನೋಡುವ ಜಾಗ. ಅಲ್ಲಿಗೆ ಒಂದು ಮಧ್ಯಾಹ್ನ ಇವರು ಸುರುಳಿ ಹಿಡಿದು ಬಂದರು. ಕಾವಲಿನವನು "ಏ ಕ್ಯಾ ಹೈ?" ಎಂದ. "ನಕ್ಷಾ" ಎಂದರು ಕಾಕಾ, ಬದನೆಕಾಯಿ ಎಂದಷ್ಟು ಸರಾಗವಾಗಿ. ಅವನ ಮುಖದ ರಕ್ತವೇ ಇಳಿದುಹೋಯಿತು. ಕೂಡಲೇ ಇವರನ್ನು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ನೌಕರಿ ಹೋಯಿತು, ಬಹುಶಃ ಜೈಲೇ ಗತಿ ಎಂದು ಬಸಣ್ಣ ಕಣ್ಣಲ್ಲಿ ನೀರು ತಂದುಕೊಂಡ. ಅವನಿಗೆ ಕಾಕಾ ಎಂದರೆ ಆಗ ಅಷ್ಟು ಪ್ರೀತಿ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಮುಂದೆ ಕಾಕಾ, ಹಿಂದೆ ಭದ್ರತಾ ಅಧಿಕಾರಿ. ಸುರುಳಿ ಅಧಿಕಾರಿಯ ಕೈಯಲ್ಲಿತ್ತು. ಆ ಹಾಳೆಯಲ್ಲಿ ಅವನ ಮಾವನ ಊರು, ಊರ ಮುಂದಿನ ಬಾವಿ, ಗುಡ್ಡದ ಮೇಲಿನ ದರ್ಗಾ ಎಲ್ಲ ಸಿಕ್ಕಿ, ಇಂಥದ್ದು ತನಗೂ ಒಂದು ಎಲ್ಲಿ ಸಿಕ್ಕೀತು ಎಂದು ಕೇಳುತ್ತ ಬರುತ್ತಿದ್ದ.

"ಕೇಳಿದ್ರ ಕೊಡ್ತಾರ" ಎನ್ನುವುದು ಕಾಕಾನ ಮಂತ್ರ. "ಕೊಡಬಾರದ್ದು ಇರತಾವ, ಅವು ಬ್ಯಾರೆ. ಆದ್ರ ಕೊಡೋದನ್ನೂ ಯಾರೂ ಕೇಳಂಗಿಲ್ಲಲೋ ತಮ್ಮಾ! ಬಿಸಲಾಗ ಸರಪಳಿ ಹಿಡಕೊಂಡು ಅಡ್ಡಾಡಿ ಅಳದಾರ, ಆಕಾಶದಾಗಿಂದ ಫೋಟೋ ಹೊಡದಾರ. ಯಾರ ರೊಕ್ಕದಾಗ? ನಿನ್ನ ರೊಕ್ಕದಾಗ. ನಿಂದ ಸಾಮಾನು ಅಲ್ಲಿ ಬಿದ್ದೈತಿ, ನೀ ಇಲ್ಲಿ ದಲ್ಲಾಳಿ ಮಾತು ಕೇಳಕೋತ ಕುಂತಿ."

ಇಷ್ಟೆಲ್ಲ ಇದ್ದು ಈ ಮಹಾನುಭಾವರಿಗೆ ದಾರಿ ಸಿಗುತ್ತಿರಲಿಲ್ಲ. ಒಮ್ಮೆ ಬೇಗಂಪೇಟೆಯ ಒಂದು ಮದುವೆಗೆ ನಕ್ಷೆ ಹಿಡಿದು ಮುಂದಾಳಾಗಿ ನಮ್ಮನ್ನು ಕರೆದೊಯ್ದರು. ಹೊಸದಾಗಿ ಎದ್ದ ಮೇಲ್ಸೇತುವೆ ಅವರ ಹಾಳೆಯಲ್ಲಿರಲಿಲ್ಲ. ನಾವು ಮಂಟಪ ಮುಟ್ಟುವ ಹೊತ್ತಿಗೆ ಎಲೆ ಎತ್ತುತ್ತಿದ್ದರು. "ನಕ್ಷಿ ತಪ್ಪಿಲ್ಲ, ರಸ್ತಾ ತಪ್ಪೈತಿ" ಎಂದರು ಕಾಕಾ, ಉಳಿದ ಮೈಸೂರು ಪಾಕು ಮೆಲ್ಲುತ್ತ. ಅಂದು ದಾರಿಯಲ್ಲಿ ತೆಲುಗಿನವರನ್ನು ಕೇಳಿದ್ದರೆ ಹೇಳುತ್ತಿದ್ದರು. ಆದರೆ ಕಾಕಾ ತೆಲುಗು ಆಡುತ್ತಿರಲಿಲ್ಲ. ಅರ್ಧ ಆಯುಷ್ಯ ಹೈದರಾಬಾದಿನಲ್ಲಿ ಕಳೆದು, ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ, ಇಷ್ಟರಲ್ಲೇ ಮುಗಿಸಿದ್ದರು. ಹಾಲಿನ ಯಾದಮ್ಮ ತೆಲುಗಿನಲ್ಲಿ ಏನಾದರೂ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವರು. ಅವಳು ಮತ್ತೆ ತೆಲುಗಿನಲ್ಲೇ ಕೇಳುವಳು. ಇಬ್ಬರೂ ಬಗ್ಗಿದವರಲ್ಲ. ಇಂಥ ಹಟ ನನಗೆ ಸರಿ ಕಾಣುತ್ತಿರಲಿಲ್ಲ, ಹಾಗೆಂದು ಮುಖದ ಮೇಲೇ ಹೇಳಿದ್ದೆ. "ನಕ್ಷಿ ಇಂಗ್ಲಿಷಿನಾಗ ಐತಲ್ಲೋ" ಎಂದಿದ್ದರು.

ಆಗ ಊರಿಗೆ ಐಟಿ ಜ್ವರ ಏರಿತ್ತು. ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕ್ಯಾಂಟೀನಿನಲ್ಲಿ ಕ್ರಿಕೆಟ್ಟಿನ ಮಾತು ಹೋಗಿ ಪ್ಲಾಟಿನ ಮಾತು ಬಂದಿತ್ತು. ನಮಗೂ ಚಪಲ ಹತ್ತಿತು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸು ಬಿಡಲೇಬೇಕು. ಊರಿಗೆ ಹೋದರೆ ಮಕ್ಕಳಿಗೆ ಅಲ್ಲಿ ಗುರುತಿನವರಿಲ್ಲ. ಒಂಬತ್ತು ಮನೆಯವರು ಸೇರಿ ಅಕ್ಕಪಕ್ಕದಲ್ಲಿ ಮನೆ ಕಟ್ಟಿಕೊಂಡು ಕನ್ನಡ ಮಾತಾಡಿಕೊಂಡು ಇರೋಣ ಎಂಬುದು ಬಸಣ್ಣನ ಆಸೆ. ಲಿಂಗಂಪಲ್ಲಿಯ ಆಚೆ ಒಂದು ಹೊಸ ಬಡಾವಣೆ ನೋಡಿಯೂ ಬಂದ. ಬಯಲು ಜಾಗ, ಒಣಹುಲ್ಲು, ಸಾಲಾಗಿ ಸುಣ್ಣ ಬಳಿದ ಕಲ್ಲುಗಳು, ಕಮಾನಿನ ಮೇಲೆ ಬಣ್ಣಬಣ್ಣದ ಇಂಗ್ಲಿಷ್ ಹೆಸರು. "ಆದ್ರೂ ಕಾಕಾ ನೋಡಲಿ. ಕಾಕಾ ಹೂಂ ಅಂದ್ರ ಆತು" ಎಂದವನೂ ಬಸಣ್ಣನೇ.

ಕಾಕಾ ರಜೆ ಹಾಕಿ ಊರ ಆಚೆ ತುದಿಗಿದ್ದ ನಕ್ಷೆ ಮಾರುವ ಸರ್ಕಾರಿ ಕೌಂಟರಿಗೆ ಹೋದರು. ಆ ಭಾಗದ ಹಾಳೆಯ ಪ್ರತಿಗಳೆಲ್ಲ ಮುಗಿದಿದ್ದವು. ಆದರೆ ಕಾಕಾ ಕೇಳಿದರೆ ಬರಿಗೈಯಲ್ಲಿ ಬರುವ ಪೈಕಿಯಲ್ಲ. ಕಚೇರಿಯಲ್ಲಿ ಉಳಿದಿದ್ದ ಒಂದೇ ಹಾಳೆಯಿಂದ ಝೆರಾಕ್ಸು ಮಾಡಿಸಿಕೊಂಡು ಗೆದ್ದ ಮುಖದಿಂದ ಬಂದರು.

ಬಸಣ್ಣನ ಮನೆಯ ನಡುಮನೆಯಲ್ಲಿ ಆ ಕಪ್ಪು ಬಿಳುಪು ಹಾಳೆ ಹಾಸಿ ಎಲ್ಲರೂ ಸುತ್ತ ಕೂತೆವು. ರೈಲಿನ ಹಳಿ, ಸ್ಟೇಷನ್ನು, ಅಲ್ಲಿಂದ ಬೆರಳು ಸರಿಸುತ್ತ ಕಾಕಾ ನಮ್ಮ ಬಡಾವಣೆಯ ಜಾಗಕ್ಕೆ ಬಂದು ನಿಂತರು. ಅಲ್ಲಿ ಖಾಲಿ ಬಿಳಿ. ಒಂದು ಮಗ್ಗುಲಿಗೆ ಬಾಗಿದ ಒಂದು ಕಪ್ಪು ಗೆರೆ. "ಬಂಡಿ ದಾರಿ" ಎಂದರು. ಬಿಳಿಯ ನಡುವೆ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು, ಅರ್ಧ ಅಳಿಸಿದ್ದವು. ಕಾಕಾ ಕನ್ನಡಕ ಮೇಲೆತ್ತಿ, ಹಾಳೆಗೆ ಮೂಗು ಹಚ್ಚಿ ಓದಿದರು. "ಎ... ಡಿ... ಕುಂಟ. ಎಡಿಕುಂಟಿ! ಏ, ಎಡಿಕುಂಟಿ ಅಂತ ಐತಲೋ!"

ನಡುಮನೆಯೆಲ್ಲ ನಗು, ಕೇಕೆ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಯ ಸಾಲುಗಳ ನಡುವೆ ಎತ್ತು ಹೂಡಿ ಕಳೆ ತೆಗೆಯುವ ಸಾಧನ ಎಡಿಕುಂಟಿ. ಅದು ಆಡಿದ ನೆಲ ಎಂದರೆ ಹದವಾದ ಹೊಲ, ಜೋಳ ಬೆಳೆದ ಎರೆ. ಯಾವ ಕಾಲದಲ್ಲೋ ನಮ್ಮ ಸೀಮೆಯವರೇ ಬಂದು ಇಲ್ಲಿ ಒಕ್ಕಲುತನ ಮಾಡಿರಬೇಕು ಎಂದು ಒಬ್ಬರು ತರ್ಕ ಕಟ್ಟಿದರು. ಬಸಣ್ಣ ಮಾತ್ರ ನಗಲಿಲ್ಲ. "ನಮ್ಮಪ್ಪ ಎಡಿಕುಂಟಿ ಹೊಡಿವಾಗ ಹಾಡು ಹೇಳತಿದ್ದಾ" ಎಂದು ಕಣ್ಣೊರೆಸಿಕೊಂಡ. ಮರುವಾರವೇ ನೋಂದಣಿಯಾಯಿತು. ಕಾಕಾನೂ ಒಂದು ಪ್ಲಾಟು ಕೊಂಡರು.

ಆಮೇಲೆ ವರ್ಷಗಳು ಉರುಳಿದವು. ಮನೆ ಕಟ್ಟುವ ಮಾತು ಮುಂದೆ ಮುಂದೆ ಹೋಯಿತು, ಜಾಗದ ಬೆಲೆ ಮೇಲೆ ಮೇಲೆ ಹೋಯಿತು. ಲಿಂಗಂಪಲ್ಲಿಯಿಂದ ಲೋಕಲ್ ರೈಲು ಓಡತೊಡಗಿದ ಮೇಲಂತೂ ಅದಕ್ಕೆ ರೆಕ್ಕೆಯೇ ಬಂತು. ಅಕ್ಕಪಕ್ಕ ಇದ್ದು ಕನ್ನಡ ಮಾತಾಡುವ ಆಸೆ ಯಾರಿಗೂ ನೆನಪಿರಲಿಲ್ಲ. ಬಸಣ್ಣನ ಮಗಳಿಗೆ ಡಾಕ್ಟರಾಗುವ ಕನಸು. ಖಾಸಗಿ ಕಾಲೇಜಿನಲ್ಲಿ ಸೀಟು ಸಿಗುವುದಿತ್ತು, ಪ್ಲಾಟು ಮಾರಿದರೆ ಮಾತ್ರ. ಆಗಲೇ ಸಾಫ್ಟ್‌ವೇರಿನ ಗಂಡಹೆಂಡಿರಿಬ್ಬರು ಬಂದು ಬಸಣ್ಣನ ಪ್ಲಾಟು ಮೆಚ್ಚಿದರು. ಕೂಡಲೇ ಮನೆ ಕಟ್ಟಿಸುವವರಂತೆ. ಅವರ ಗೆಳೆಯರು ಉಳಿದವನ್ನೂ ಕೊಳ್ಳಲು ಸಿದ್ಧ. ಭಾನುವಾರ ಮಾತು ಮುಗಿಸುವುದೆಂದು ಗೊತ್ತಾಯಿತು.

ಆ ವಾರ ಕಾಕಾ ನನ್ನನ್ನು ಬಜಾರಿನ ನೆಟ್ ಸೆಂಟರಿಗೆ ಎಳೆದೊಯ್ದರು. ಖುಷಿಯಿಂದ ಸಣ್ಣ ಹುಡುಗನಂತಾಗಿದ್ದರು. "ಬಾರೋ ತಮ್ಮಾ, ಸರ್ಕಾರದವರು ಎಲ್ಲಾ ನಕ್ಷಿ ಇಂಟರ್ನೆಟ್ಟಿನಾಗ ಇಟ್ಟಾರ! ಆಕಾಶದ ಫೋಟೋ ಸುದ್ದಾ! ಪುಕಟ್! ಇನ್ನ ಕೇಳೂದೂ ಬ್ಯಾಡ!"

ಪರದೆಯ ಮೇಲೆ ಹೈದರಾಬಾದು ಚೌಕ ಚೌಕವಾಗಿ, ನಿಧಾನವಾಗಿ ಬಿಚ್ಚಿಕೊಂಡಿತು. ಮಗ್ಗುಲಲ್ಲಿ ಒಂದರ ಕೆಳಗೊಂದು ಪೆಟ್ಟಿಗೆಗಳು: ರಸ್ತೆ, ಹಳ್ಳಿ, ರೈಲು, ನೀರು. ಯಾವುದಕ್ಕೆ ಟಿಕ್ ಹಾಕಿದರೆ ಅದು ಮೂಡುತ್ತಿತ್ತು. ಕಾಕಾ ಹಳಿ ಹಿಡಿದು ಲಿಂಗಂಪಲ್ಲಿಗೆ ಬಂದರು, ಬಡಾವಣೆಗೆ ಬಂದರು. "ನಮ್ಮ ಎಡಿಕುಂಟಿ ನೋಡು" ಎಂದರು. ಆಮೇಲೆ ಸುಮ್ಮನೆ, ಆಟಕ್ಕೆ, ನೀರಿನ ಪೆಟ್ಟಿಗೆ ಒತ್ತಿದರು.

ಮೊದಲು ಒಂದು ಮೂಲೆಯ ಚೌಕ ನೀಲಿಯಾಯಿತು. ಬಳಿಕ ಪಕ್ಕದ್ದು. ಮತ್ತೆ ಅದರ ಪಕ್ಕದ್ದು. ನಮ್ಮ ಒಂಬತ್ತೂ ಪ್ಲಾಟುಗಳ ಮೇಲೆ ನೀಲಿ ಹರಿದುಬಂದು, ಆ ಬಾಗಿದ ಕಪ್ಪು ಗೆರೆಗೆ ತಾಗಿ ನಿಂತಿತು. ಬಂಡಿ ದಾರಿ ಎಂದಿದ್ದೆವಲ್ಲ, ಅದು ಏರಿ. ನೀರು ತಡೆಯಲು ಕಟ್ಟಿದ ಒಡ್ಡು. ನಡುವಿನ ಅಕ್ಷರಗಳು ಈಗ ಸ್ವಚ್ಛವಾಗಿದ್ದವು. ಎಡಿ ಅಲ್ಲ, ಎಡ್ಲ. ಎಡ್ಲ ಕುಂಟ.

ಕಾಕಾ ಟಿಕ್ ತೆಗೆದರು, ನೀಲಿ ಹೋಯಿತು. ಹಾಕಿದರು, ಬಂತು. ಹೀಗೆ ಎಷ್ಟು ಸಲ ಮಾಡಿದರೋ. ಆಮೇಲೆ ಹಣೆ ಹಣೆ ಬಡಿದುಕೊಂಡರು. ತಿಳಿನೀಲಿ ಬಣ್ಣವನ್ನು ಹಳೆಯ ಝೆರಾಕ್ಸು ಯಂತ್ರ ಹಿಡಿಯುವುದಿಲ್ಲ ಎಂದು ಅಂಗಡಿಯ ಪ್ರತಿ ಹುಡುಗನಿಗೂ ಗೊತ್ತಿತ್ತು. ನೀರಿಗೆ ನೀಲಿ ಎಂದು ನಮಗೂ ಗೊತ್ತಿತ್ತು. ಎರಡನ್ನೂ ಕೂಡಿಸಿ ಯಾರೂ ನೋಡಿರಲಿಲ್ಲ.

"ಬಂದ್ ಮಾಡ್ರಿ ಕಾಕಾ" ಎಂದೆ.

"ಬಂದ್ ಮಾಡಿದ್ರ ನೀರು ಹೋಗತೈತೇನೋ?" ಎಂದರು. ಅಂಥ ಸಣ್ಣ ದನಿಯಲ್ಲಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಹಾಲಿನ ಯಾದಮ್ಮನ ಮುಂದೆ ಪಾತ್ರೆ ಹಿಡಿದು ನಿಂತು, ಜೀವಮಾನದಲ್ಲಿ ಮೊದಲ ಸಲ ತೆಲುಗಿನಲ್ಲಿ ಬಾಯಿಬಿಟ್ಟರು. "ಕುಂಟ ಅಂಟೆ?" ಎಂದರು. ಅವಳು ಬೆಚ್ಚಿ, ಹಾಲು ಚೆಲ್ಲಿ, ಆಮೇಲೆ ಬಿದ್ದು ಬಿದ್ದು ನಕ್ಕಳು. ಇಷ್ಟು ವರ್ಷ ಇಲ್ಲಿದ್ದೂ ಕುಂಟ ಎಂದರೆ ಹೊಂಡ ಎಂದು ತಿಳಿಯದವರೂ ಇರುತ್ತಾರೆಯೇ? ಎಡ್ಲು ಎಂದರೆ ಎತ್ತುಗಳು. ಎತ್ತುಗಳ ಮೈ ತೊಳೆಯುವ ಹೊಂಡ. ಮಳೆ ಬಂದರೆ ನೀರು ಬಂದೇ ಬರುತ್ತದೆ ಎಂದಳು. ಕಾಕಾ ಆ ಮಾತನ್ನು ಅವಳಿಂದ ಮತ್ತೊಮ್ಮೆ ಹೇಳಿಸಿಕೊಂಡರು.

ವಿಷಯ ಒಂಬತ್ತೂ ಮನೆಗೆ ಮುಟ್ಟಿತು. ಯಾರೂ ಕಾಕಾನ ಮೇಲೆ ಸಿಟ್ಟಾಗಲಿಲ್ಲ. ಅದೇ ನನಗೆ ಗಾಬರಿ. ಎಲ್ಲರೂ ಅದಾಗಲೇ ಒಂದು ತೀರ್ಮಾನಕ್ಕೆ ಬಂದಂತಿತ್ತು. ಬಸಣ್ಣ ಕೈ ಹಿಡಿದು ಹೇಳಿದ: "ಕಾಕಾ, ಇಷ್ಟು ವರ್ಷದಾಗ ಒಂದ ಹನಿ ನೀರು ನಿಂತಿಲ್ಲ. ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಕಾಗದಾ ಎಲ್ಲಾ ಬರೋಬ್ಬರಿ ಅದಾವ. ನಾವು ಸುಳ್ಳ ಹೇಳೂದು ಬ್ಯಾಡ. ಅವರು ಕೇಳಿಲ್ಲ, ನಾವು ಹೇಳೂದಿಲ್ಲ, ಅಷ್ಟ. ನನ್ನ ಮಗಳ ಸಲುವಾಗಿ ಸುಮ್ಮಿರ್ರಿ."

ಕಾಕಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವರ ಪ್ಲಾಟೂ ಅದರಲ್ಲೇ ಇತ್ತು. ಸುಮ್ಮನಿರುತ್ತಾರೆ ಎಂದೇ ನಾವೆಲ್ಲ ತಿಳಿದೆವು.

ಭಾನುವಾರ ಅದೇ ನಡುಮನೆ. ಗಂಡಹೆಂಡಿರಿಬ್ಬರೂ ಬಂದಿದ್ದರು. ಎಳೆಯ ವಯಸ್ಸು, ತೆಲುಗಿನವರು. ಹುಡುಗಿ ತುಂಬಿದ ಬಸುರಿ. ಹೊಟ್ಟೆಯಲ್ಲಿರುವುದು ಅಂಬೆಗಾಲಿಡುವ ಹೊತ್ತಿಗೆ ಹೊಸ ಮನೆಗೆ ಹೋಗಬೇಕು, ನೆಲಮಹಡಿಯ ಮನೆ ಸಾಕು, ಅಂಗಳ ಇರಲಿ ಎಂದು ಹೇಳುತ್ತಿದ್ದಳು. ಸುವರ್ಣಾ ಅವಳಿಗೆ ಉಪ್ಪಿಟ್ಟಿನ ಮೇಲೆ ಇನ್ನಷ್ಟು ತುಪ್ಪ ಹಾಕಿದಳು. ಬಸಣ್ಣನ ಮಗಳು ಬಾಗಿಲಿಗೆ ಆತು ನಿಂತಿದ್ದಳು. ಮಾತು ಮುಗಿಯಿತು. ಬಸಣ್ಣ ಪೇಡೆಯ ಪೊಟ್ಟಣ ಬಿಚ್ಚಿದ.

ಆಗ ಕಾಕಾ ಎದ್ದರು. ಸಫಾರಿಯ ಜೇಬಿನಿಂದ ಬಣ್ಣದ ಪ್ರಿಂಟು ತೆಗೆದು ಆ ಹುಡುಗಿಯ ಮುಂದೆ ಹಾಸಿದರು. ನೀಲಿಯ ಮೇಲೆ ಬೆರಳಿಟ್ಟರು. ತಪ್ಪಾಗದಂತೆ ಒಂದೊಂದೇ ಶಬ್ದ ಹುಡುಕಿ, ಯಾದಮ್ಮ ಕಲಿಸಿದ ತೆಲುಗಿನಲ್ಲಿ ಹೇಳಿದರು.

"ಇದಿ ಕುಂಟ ಅಮ್ಮಾ. ನೀಳ್ಳು ವಸ್ತಯ್."

ಇದು ಹೊಂಡ ತಾಯಿ, ನೀರು ಬರುತ್ತದೆ. ಹಿಂದಿಯಲ್ಲಿ ಹೇಳಿದ್ದರೂ ನಡೆಯುತ್ತಿತ್ತು. ಹಿಂದಿ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಶಬ್ದ ತಪ್ಪಿ ಕೆಟ್ಟದ್ದನ್ನು ಆ ಶಬ್ದದಿಂದಲೇ ಸರಿಮಾಡಬೇಕು ಎಂದುಕೊಂಡರೋ ಏನೋ. ಹುಡುಗಿ ಪ್ರಿಂಟು ನೋಡಿದಳು, ಗಂಡನನ್ನು ನೋಡಿದಳು, ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅವರು ಎದ್ದು ಹೋದ ಮೇಲೆ ಬಸಣ್ಣ ಪೇಡೆಯ ಪೊಟ್ಟಣವನ್ನು ಗೋಡೆಗೆ ಎಸೆದ. "ನಿಮ್ಮ ಹುಚ್ಚಿನಾಗ ನನ್ನ ಮಗಳನ್ನ ಮುಳುಗಿಸಿದ್ರಿ. ನನ್ನ ಹೊಸ್ತಿಲಾ ತುಳೀಬ್ಯಾಡ್ರಿ" ಎಂದ. ಕಾಕಾ ಚಪ್ಪಲಿ ಹುಡುಕುತ್ತ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಚಪ್ಪಲಿ ಅವರ ಕಾಲ ಮುಂದೆಯೇ ಇದ್ದವು.

ಬಸಣ್ಣನ ಮಗಳು ಡಾಕ್ಟರಾಗಲಿಲ್ಲ. ಬ್ಯಾಂಕೊಂದರಲ್ಲಿ ಗುಮಾಸ್ತೆಯಾದಳು. ಜಾಣೆ, ಚೆನ್ನಾಗಿಯೇ ಇದ್ದಾಳೆ. ಆದರೂ ಬಸಣ್ಣನ ಮನಸ್ಸಿನ ಹುಣ್ಣು ಮಾಯಲಿಲ್ಲ. ಪ್ಲಾಟು ಯಾರೂ ಕೊಳ್ಳಲಿಲ್ಲ, ಸುದ್ದಿ ಊರೆಲ್ಲ ಹಬ್ಬಿತ್ತು. ನಿವೃತ್ತರಾಗಿ ಕ್ವಾರ್ಟರ್ಸು ಬಿಟ್ಟವರು ಬಾಲಾನಗರದಲ್ಲೇ ಒಂದೇ ಓಣಿಯಲ್ಲಿ ಬಾಡಿಗೆ ಮನೆ ಹಿಡಿದೆವು. ಸುತ್ತ ಅಪಾರ್ಟ್‌ಮೆಂಟುಗಳೆದ್ದವು, ನಡುವೆ ನಮ್ಮ ಬಯಲು ಹಾಗೇ ಉಳಿಯಿತು.

ಇದಕ್ಕಿಂತ ಘೋರವಾದದ್ದೆಂದರೆ ನೀರು ಬರಲೇ ಇಲ್ಲ. ಒಂದು ಮಳೆಗಾಲವೂ ಬರಲಿಲ್ಲ. ಪ್ರತಿ ಮಳೆಗಾಲ ಬಸಣ್ಣ ಲೋಕಲ್ ರೈಲು ಹತ್ತಿ ಹೋಗಿ ನೋಡಿ ಬರುವನು. ಬಂದು, ಕಾಕಾನ ಮನೆಗೆ ಕೇಳಿಸುವಂತೆ ನನ್ನ ಅಂಗಳದಲ್ಲಿ ನಿಂತು ಹೇಳುವನು: "ಒಣಗೇ ಐತ್ರೀ!" ಕಾಕಾನ ಕಿಟಕಿ ಮುಚ್ಚುತ್ತಿತ್ತು. ನನಗೂ ಅನುಮಾನ ಬಂದದ್ದುಂಟು. ಸುತ್ತ ರಸ್ತೆ ಕಟ್ಟಿ ನೀರಿನ ದಾರಿ ಮುಚ್ಚಿಹೋಗಿರಬೇಕು, ಈ ಮನುಷ್ಯ ಸತ್ತ ಹೊಂಡಕ್ಕಾಗಿ ಬದುಕಿದ್ದ ಗೆಳೆತನಗಳನ್ನು ಕಳೆದುಕೊಂಡ ಎನಿಸುತ್ತಿತ್ತು. ಹಾಸಿಗೆ ಹಿಡಿದ ಮೇಲೆ ನೋಡಲು ಹೋದಾಗೆಲ್ಲ ಕಾಕಾ ಒಂದೇ ಮಾತು ಕೇಳುವರು: "ಬಂತೇನೋ ತಮ್ಮಾ?" ಏನು ಎಂದು ನಾನು ಕೇಳುತ್ತಿರಲಿಲ್ಲ. ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ಸುಳ್ಳು ಹೇಳಿದ್ದರೆ ನೆಮ್ಮದಿಯಾಗಿ ಹೋಗುತ್ತಿದ್ದರೇನೋ. ಆದರೆ ಆ ಮನುಷ್ಯನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಕೆಲವು ವಾರಕ್ಕೆ ಹೈದರಾಬಾದಿನ ಮೇಲೆ ಆಕಾಶ ಹರಿದು ಬಿತ್ತು. ರಸ್ತೆಗಳಲ್ಲಿ ಕಾರುಗಳು ತೇಲಿದವು. ಮಳೆ ನಿಂತ ಬೆಳಿಗ್ಗೆ ಬಾಗಿಲು ಬಡಿದವನು ಬಸಣ್ಣ. "ನಡೀರಿ" ಎಂದ, ಅಷ್ಟೇ.

ಬಡಾವಣೆಯ ಕಮಾನು ಇತ್ತು. ಅದರ ಹಿಂದೆ ಬಡಾವಣೆ ಇರಲಿಲ್ಲ. ಎದ್ದು ಎದ್ದು ಬೀಳುವ ಕೆನ್ನೀರು ಏರಿಯ ತುದಿಯವರೆಗೂ ತುಂಬಿತ್ತು. ನಮ್ಮ ಸುಣ್ಣದ ಕಲ್ಲುಗಳಲ್ಲಿ ಎತ್ತರದ ಒಂದೆರಡರ ನೆತ್ತಿ ಮಾತ್ರ ಕಾಣುತ್ತಿತ್ತು. ಎಲ್ಲಿ ನೀಲಿ ಹರಿದು ನಿಂತಿತ್ತೋ ಅಲ್ಲೇ ನೀರು ನಿಂತಿತ್ತು, ಒಂದು ಗೇಣು ಆಚೆಯಿಲ್ಲ, ಈಚೆಯಿಲ್ಲ. ನಾನು ಏರಿಯ ಮೇಲೆ ಕೂತುಬಿಟ್ಟೆ.

ಬಸಣ್ಣ ತನ್ನ ಪ್ಲಾಟು ಇದ್ದ ಜಾಗವನ್ನೇ ದಿಟ್ಟಿಸುತ್ತಿದ್ದ. ಅಲ್ಲಿ ಕಲ್ಲಿನ ನೆತ್ತಿಯೂ ಕಾಣುತ್ತಿರಲಿಲ್ಲ.

"ಆ ಹುಡುಗಿ ಬಸರಿ ಇದ್ಲಲ್ರೀ" ಎಂದ. "ನೆಲಾ ಮಹಡಿ ಸಾಕು ಅಂತಿದ್ಲು. ಅಂಗಳಾ ಇರ್ಲಿ ಅಂತಿದ್ಲು."

ಬಸಣ್ಣ ಚಪ್ಪಲಿ ಬಿಟ್ಟು ಏರಿ ಇಳಿದ. ಮೊಣಕಾಲಿನವರೆಗೆ ನೀರು ಬಂದಾಗ ನಿಂತ. ನಿಂತಲ್ಲೇ ಒಂದು ಸುತ್ತು ತಿರುಗಿದ, ಥೇಟ್ ಕಾಕಾನ ಹಾಗೆ, ಉತ್ತರ ಯಾವ ಕಡೆ ಎಂದು ನೋಡುವವನಂತೆ. ಬಾಲಾನಗರದ ದಿಕ್ಕು ಸಿಕ್ಕಿತೋ ಏನೋ, ಅತ್ತ ಮುಖ ಮಾಡಿ, ಕೈ ಎರಡೂ ಬಾಯಿಗೆ ಹಚ್ಚಿಕೊಂಡು, ಕಾಕಾ ಅಂದು ಹೇಳಿದ ಮಾತಿಗೆ ಇಷ್ಟು ವರ್ಷದ ಮೇಲೆ ಉತ್ತರ ಕೊಟ್ಟ. ಬರುತ್ತದೆ ಎಂದಿದ್ದರು ಕಾಕಾ. ಇವನು ಬಂತು ಎಂದ.

"ನೀಳ್ಳು ವಚ್ಚಿನಯ್, ಕಾಕಾ! ವಚ್ಚಿನಯ್!"